ಹೋಗಿದ್ದೆ... ಆಮೇಲೆ?

ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದ ಕನ್ನಡ ಮೀಡಿಯಂ ಗಿರಾಕಿ ನಾನು. ಇಂಗ್ಲಿಷಿನ ಪಾಸ್ಟ್ ಪರ್ಫೆಕ್ಟ್, ಅದೇ 'ಹ್ಯಾಡ್' ಹಾಕುವ ಭೂತಕಾಲ, ಅಂದರೆ ಈಗಲೂ ಕಣ್ಣ ಮುಂದೆ ಬರುವುದು ಒಂದು ಹೆಣ. 'ದಿ ಪೇಷೆಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್.' ಎರಡು ಕೆಲಸ ಆಗಿದ್ದರೆ ಮೊದಲು ಆದದ್ದಕ್ಕೆ ಹ್ಯಾಡ್ ಹಾಕ್ರೋ, ಆಮೇಲೆ ಆದದ್ದಕ್ಕೆ ಬೇಡ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಬರೆದು ಹೇಳಿಕೊಟ್ಟರು. ಹೈಸ್ಕೂಲು ಮುಗಿಯುವವರೆಗೂ ಆ ಡಾಕ್ಟರು ಒಂದು ಸಲವೂ ಟೈಮಿಗೆ ಬರಲಿಲ್ಲ.

ಇದರ ಮೇಲೆ 'ಐ ಹ್ಯಾಡ್ ಹ್ಯಾಡ್ ಬ್ರೇಕ್‌ಫಾಸ್ಟ್' ಬೇರೆ. ತಿಂಡಿ ಆಗಿತ್ತು ಅನ್ನೋಕೆ! ಸ್ಟಾರ್ಟ್ ಆಗದ ಸ್ಕೂಟರಿಗೆ ಕಿಕ್ ಹೊಡೆದ ಹಾಗಿರುತ್ತೆ, ನಾನಂತೂ ಅದರ ತಂಟೆಗೇ ಹೋಗಲ್ಲ.

ರೂಲು ಬಾಯಿಪಾಠ ಇದ್ದರೂ ಆಫೀಸಿನ ವಿಡಿಯೋ ಕಾಲ್‌ನಲ್ಲಿ ಎಡವಿದೆ. ಸೋಮವಾರ. ವೀಕೆಂಡ್ ಹೇಗಿತ್ತು ಅಂತ ಲಂಡನ್ನಿನವರೊಬ್ಬರು ಕೇಳಿದರು. 'ಐ ಹ್ಯಾಡ್ ಗಾನ್ ಟು ಮೈಸೂರ್' ಅಂದೆ. ಅವರು ತಲೆಯಾಡಿಸಿ ಸುಮ್ಮನಾದರು. ನಾನೂ ಸುಮ್ಮನಾದೆ. ನೆಟ್‌ವರ್ಕ್ ಹೋಯ್ತೇನೋ ಅಂತ ನೋಡಿದರೆ ಅವರ ರೆಪ್ಪೆ ಬಡಿಯುತ್ತಲೇ ಇತ್ತು. ಕೊನೆಗೆ ಅವರೇ 'ಆಂಡ್?' ಅಂದರು.

'ಆಂಡ್... ಕೇಮ್ ಬ್ಯಾಕ್.'

ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ಕನ್ನಡದಲ್ಲಿ 'ಮೈಸೂರಿಗೆ ಹೋಗಿದ್ದೆ' ಅಂದರೆ ಹೋಗಿ, ಮಸಾಲೆದೋಸೆ ತಿಂದು, ವಾಪಸ್ ಬಂದು, ಬಾಗಿಲಲ್ಲಿ ಚಪ್ಪಲಿನೂ ಬಿಟ್ಟಾಯ್ತು ಅಂತ. 'ಹೋದೆ' ಅಂದರೆ ಮಾತ್ರ ಎದುರಿಗಿರುವವರು 'ಹೂಂ, ಆಮೇಲೆ?' ಅಂತಾರೆ, ಅಲ್ವಾ? ಇಂಗ್ಲಿಷಿನಲ್ಲಿ ಪೂರ್ತಿ ಉಲ್ಟಾ. ವೆಂಟ್ ಅಂದರೆ ಸಾಕು. ಹ್ಯಾಡ್ ಗಾನ್ ಅಂದರೆ ಅದರ ಹಿಂದೆಯೇ ಇನ್ನೇನೋ ಆಗಬೇಕು, ಇಲ್ಲದಿದ್ದರೆ ಕೇಳಿದವರು ಕೊನೇ ಬಸ್ಸಿಗೆ ನಿಂತವರ ಹಾಗೆ ಕಾಯ್ತಾ ಇರುತ್ತಾರೆ. ನಾನು 'ಹೋಗಿದ್ದೆ'ಯ ಬಾಲವನ್ನು ಸೀದಾ ಹ್ಯಾಡ್ ಮಾಡಿಬಿಟ್ಟಿದ್ದೆ.

ಹಠ ಬಂತು. ಒಂದು ವಾರ ಪೂರ್ತಿ ವೆಂಟ್, ವೆಂಟ್, ಸ್ನಾನದ ಮನೆಯಲ್ಲೂ ವೆಂಟ್. ನಾಲಿಗೆ ಪಳಗಿತು, ಸ್ವಲ್ಪ ಜಾಸ್ತಿಯೇ ಪಳಗಿತು. ಭಾನುವಾರ ಊರಿಂದ ಅಮ್ಮ ಫೋನ್ ಮಾಡಿದಳು.

'ನಿನ್ನೆ ಹಲ್ಲಿನ ಡಾಕ್ಟರ ಹತ್ರ ಹೋದೆ' ಅಂದೆ.

ಆ ಕಡೆ ಸದ್ದಿಲ್ಲ.

'ಹೋದೆ, ಆಮೇಲೆ? ಏನಂದ್ರೋ? ಬೇಗ ಹೇಳೋ!'

'ಏನಿಲ್ಲಮ್ಮ. ಹೋಗಿದ್ದೆ.'

'ಹಂಗನ್ನು ಮತ್ತೆ' ಅಂತ ಬೈದು, ಒಲೆ ಮೇಲೆ ಹುಳಿ ಇಟ್ಟಿದ್ದೀನಿ ಅಂತ ಫೋನ್ ಇಟ್ಟಳು.