ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕೋಲಾರದ ಎಪಿಎಂಸಿಗೆ ಬಂದ ರೈತನೊಬ್ಬನ 193 ಬಾಕ್ಸ್ ಟೊಮೆಟೊ ಹರಾಜಾಗದೆ ಮಂಡಿಯ ಮೂಲೆಯಲ್ಲಿ ಉಳಿದುಹೋಯಿತು ಎಂದಿಟ್ಟುಕೊಳ್ಳಿ. ಮೊದಲನೆಯ ದಿನವೇ ರೈತ ಜಗಳ ತೆಗೆಯುತ್ತಾನೆ. ಅವನು ಸುಮ್ಮನಾದರೂ ನಾಲ್ಕನೆಯ ದಿನ ವಾಸನೆಯೇ ಹೋಗಿ ದೂರು ಕೊಡುತ್ತದೆ. ಮತಪತ್ರಕ್ಕೆ ಈ ಅನುಕೂಲವಿಲ್ಲ. ಅದು ಕೊಳೆಯುವುದಿಲ್ಲ, ನಾರುವುದಿಲ್ಲ. ಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟರೆ ಪ್ರಜಾಪ್ರಭುತ್ವದ ಮೇಲೆ ಭಾರ ಹಾಕಿ ತೆಪ್ಪಗಿರುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ 193 ಮತಪತ್ರಗಳು ಹೀಗೆಯೇ ತೆಪ್ಪಗಿದ್ದವು. 2024ರ ನವೆಂಬರ್ 5ರ ಚುನಾವಣೆಗೆ ಮತಗಟ್ಟೆಗೆ ಹೋಗದೆ ಮೊದಲೇ ಮತ ಕೊಟ್ಟಿದ್ದವರ ಲಕೋಟೆಗಳವು. ನಗರಾಡಳಿತದ ಕೈಗೆ ಮೊದಲ ಕಂತು ಸಿಕ್ಕಿದ್ದು ನವೆಂಬರ್ 12ರಂದು, ಎರಡನೆಯ ಕಂತು ಡಿಸೆಂಬರ್ 3ರಂದು; ರಾಜ್ಯದ ಚುನಾವಣಾ ಆಯೋಗಕ್ಕೆ ಸುದ್ದಿ ಮುಟ್ಟಿದ್ದು ಡಿಸೆಂಬರ್ 18ರಂದು. ಅಷ್ಟು ಹೊತ್ತಿಗೆ ಫಲಿತಾಂಶಕ್ಕೆ ಅಧಿಕೃತ ಮುದ್ರೆ ಬಿದ್ದಾಗಿತ್ತು.

ಇಂಥ ಹೊತ್ತಿನಲ್ಲಿ ಯಾವ ದೇಶದಲ್ಲಾದರೂ ಕೇಳಿಬರುವ ಮಾತೊಂದಿದೆ: ಇವನ್ನು ಎಣಿಸಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಎಂಥ ಸಾಂತ್ವನ! ಈ ಲೆಕ್ಕದಲ್ಲಿ, ಗೆದ್ದವರ ಅಂತರ ದೊಡ್ಡದಿದ್ದಲ್ಲೆಲ್ಲ ಬೇಕಾದಷ್ಟನ್ನು ಎಣಿಸಿ ಉಳಿದದ್ದನ್ನು ರದ್ದಿಗೆ ಹಾಕಿದರೆ ಸಿಬ್ಬಂದಿಯ ಊಟದ ಖರ್ಚಾದರೂ ಉಳಿಯುತ್ತದೆ. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಸೋತವರಿಗೂ, 2023ರಲ್ಲಿ ನಮ್ಮ ಜಿಲ್ಲೆಯ ಮಾಲೂರಿನಲ್ಲಿ 248 ಮತಗಳ ಅಂತರದಿಂದ ಸೋತು, ಹೈಕೋರ್ಟಿನಿಂದ ಮರು ಎಣಿಕೆಯ ಆದೇಶ ಪಡೆಯಲು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದವರಿಗೂ ಈ ಸಾಂತ್ವನವನ್ನು ಯಾರಾದರೂ ತಲುಪಿಸಬೇಕು.

ಆದರೆ ಮ್ಯಾಡಿಸನ್‌ನವರು ಅಲ್ಲಿಗೇ ನಿಲ್ಲಲಿಲ್ಲ. ಮತ ಕಳೆದುಕೊಂಡವರು ನ್ಯಾಯಾಲಯಕ್ಕೆ ಹೋದಾಗ, ಗೈರುಹಾಜರಿಯಲ್ಲಿ ಮತ ಹಾಕುವುದು ರಾಜ್ಯದ ಕಾನೂನಿನ ಪ್ರಕಾರ ಹಕ್ಕಲ್ಲ, ಸವಲತ್ತು ಎಂದು ನಗರದ ಪರವಾಗಿ ವಾದಿಸಲಾಯಿತು. ಅಂದರೆ ದೇವಸ್ಥಾನದ ಪ್ರಸಾದದ ಹಾಗೆ. ಸಿಕ್ಕಿದರೆ ಕಣ್ಣಿಗೊತ್ತಿಕೊಳ್ಳಬೇಕು, ಸಿಗದಿದ್ದರೆ ಪೂಜಾರಿಯ ಮೇಲೆ ದಾವೆ ಹೂಡಬಾರದು. ನಮ್ಮ ಭಾಷಣಗಳಲ್ಲಿ ಇನ್ನೂ 'ಮತದಾರ ಪ್ರಭು' ಎಂಬ ಹಳೆಯ ಪದವೇ ಓಡಾಡುತ್ತಿದೆ. 'ಸವಲತ್ತಿನ ಫಲಾನುಭವಿ' ಎಂಬ ಪದ ಸಿದ್ಧವಿರುವಾಗ ಈ ಹಿಂದುಳಿದಿರುವಿಕೆ ಏಕೋ ತಿಳಿಯದು.

ನಮ್ಮಲ್ಲಿ ವಿಧಾನಸಭೆ, ಲೋಕಸಭೆಯ ಅಂಚೆ ಮತಪತ್ರಕ್ಕೆ ನಿಯಮಗಳು ಎಷ್ಟು ನಾಜೂಕಾಗಿವೆಯೆಂದರೆ, 'ಈ ಮತಪತ್ರ ನನಗೇ ಕೊಟ್ಟದ್ದು' ಎಂದು ಮತದಾರ ಬರೆದುಕೊಡುವ 13ಎ ನಮೂನೆಯ ಘೋಷಣೆಗೆ ರುಜು ಬೀಳದಿದ್ದರೆ, ರುಜು ಬಿದ್ದೂ ಅದಕ್ಕೆ ದೃಢೀಕರಣ ಇಲ್ಲದಿದ್ದರೆ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ 13ಬಿ ಎಂಬ ಒಳಲಕೋಟೆಯ ಮೇಲಿನ ಸಂಖ್ಯೆಗೆ ಹೊಂದದಿದ್ದರೆ, ಆ ಒಳಲಕೋಟೆಯನ್ನು ಒಡೆಯದೆಯೇ ಮತವನ್ನು ತಿರಸ್ಕರಿಸಬೇಕು. ಎಣಿಕೆ ಆರಂಭವಾಗುವ ಗಳಿಗೆ ದಾಟಿ ಬಂದ 13ಸಿ ಹೊರಲಕೋಟೆಯನ್ನಂತೂ ಮುಟ್ಟಿ ಒಡೆಯುವಂತೆಯೇ ಇಲ್ಲ. ಮತದಾರ ಒಂದು ನಿಮಿಷ ತಡಮಾಡಿದರೆ ಅವನ ಮತ ಸತ್ತಿತು. ಕಚೇರಿ ಒಂದು ತಿಂಗಳು ತಡಮಾಡಿದರೆ ಅದಕ್ಕೆ 'ಕಾರ್ಯವಿಧಾನದಲ್ಲಿ ಲೋಪ' ಎಂದು ಹೆಸರು. ಮತದಾರ ಮರೆತದ್ದು ಒಂದು ರುಜು, ಕಚೇರಿ ಮರೆತದ್ದು ಇಡೀ ಚೀಲ. ನಮೂನೆ ಇರುವುದು ಮಾತ್ರ ರುಜುವಿಗೆ. ಚೀಲ ಮರೆತವರು ತುಂಬಬೇಕಾದ 13-ಏನೋ ಒಂದು ನಮೂನೆಯನ್ನು ಯಾರೂ ಇನ್ನೂ ಅಚ್ಚು ಹಾಕಿಸಿಲ್ಲ.

ಇದನ್ನೆಲ್ಲ ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಹೇಳಿದೆ. ಸೇವೆಯಲ್ಲಿದ್ದಷ್ಟು ಕಾಲವೂ ಬೇರೆಯವರ ಬೆರಳಿಗೆ ಶಾಯಿ ಹಚ್ಚಿಸಿ, ತಮ್ಮ ಮತವನ್ನು ಲಕೋಟೆಯಲ್ಲಿ ಹಾಕಿ ಕೊಟ್ಟವರು ಅವರು. ಕೊನೆಯ ಸಲ ಘೋಷಣೆಗೆ ರುಜು ಹಾಕುವುದು ಮರೆತದ್ದು ಮನೆಗೆ ಬಂದ ಮೇಲೆ ನೆನಪಾಗಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ.

"ಈಗ ಸಮಾಧಾನವಾಯಿತು ಬಿಡಿ," ಎಂದರು ಮೇಷ್ಟ್ರು. "'ತಿರಸ್ಕೃತ' ಎಂದು ಷರಾ ಬರೆಯುವುದಕ್ಕಾದರೂ ಯಾರೋ ಪುಣ್ಯಾತ್ಮರು ನನ್ನ ಲಕೋಟೆಯನ್ನು ಕೈಯಲ್ಲಿ ಹಿಡಿದಿರಬೇಕಲ್ಲ!"