ಸೂರ್ಯ ಇದಾನೆ, ಟೆರೇಸ್ ಕೀ ಇಲ್ಲ

ಅದೇ ಸುದ್ದಿ ಮತ್ತೆ ಬಂದಿದೆ, ನೀವೂ ಓದಿರ್ತೀರ. ಬಿಸಿಲು ಬಿದ್ರೆ ಚರ್ಮ ತಾನೇ ಮಾಡ್ಕೊಳ್ಳೋ ವಿಟಮಿನ್ ಡಿ ಬೆಂಗಳೂರಿನ ಜನಕ್ಕೆ ಇಲ್ವಂತೆ. ವರ್ಷಕ್ಕೆ ಮೂರ್ನಾಲ್ಕು ಸಲ ಬರತ್ತೆ ಇದು, ಬಂದಾಗೆಲ್ಲ ಅದರ ಹಿಂದೇನೇ ಮೊಬೈಲಿಗೆ ಫುಲ್ ಬಾಡಿ ಚೆಕಪ್ ಆಫರ್ ಮೆಸೇಜೂ ಬರತ್ತೆ, ಏನು ಟೈಮಿಂಗೋ.

ನಾನೂ ಮಾಡಿಸ್ದೆ, ಅರ್ಧ ರೇಟು ಅಂದ್ರಲ್ಲ ಅಂತ. ಒಂದು ಮಿಲಿಲೀಟರ್ ರಕ್ತಕ್ಕೆ 22 ನ್ಯಾನೋಗ್ರಾಂ ಬಂತು. ಪಕ್ಕದಲ್ಲೊಂದು ಕೆಂಪು ಬಾಣ, 30ರ ಮೇಲಿರಬೇಕಂತೆ. ವಿಚಾರಿಸಿದ್ರೆ ಕಥೆ ಬೇರೇನೇ ಇದೆ. 2011ರಲ್ಲಿ ಅಮೆರಿಕದ ಒಂದು ತಜ್ಞರ ಸಮಿತಿ 20 ಇದ್ರೆ ಸಾಕು ಅಂತು, ಅದೇ ವರ್ಷ ಅಲ್ಲಿನದೇ ಎಂಡೋಕ್ರೈನ್ ಸೊಸೈಟಿ, ಅಂದ್ರೆ ಹಾರ್ಮೋನ್ ತಜ್ಞರ ಸಂಘ, ಇಲ್ಲ ಇಲ್ಲ 30 ಬೇಕು ಅಂತು. ಆಮೇಲೆ 2024ರಲ್ಲಿ ಆ ಸೊಸೈಟಿಯೋರೇ 30ನ್ನ ಕೈಬಿಟ್ಟು, ಆರೋಗ್ಯವಾಗಿರೋರಿಗೆ ಸುಮ್‌ಸುಮ್ನೆ ಈ ಟೆಸ್ಟೇ ಬೇಡ ಮಾರಾಯ ಅನ್ನೋ ಅರ್ಥದಲ್ಲಿ ಹೊಸ ಮಾರ್ಗಸೂಚಿ ಬರೆದ್ರು. ಪಾಸ್ ಮಾರ್ಕ್ಸ್ ಇಟ್ಟೋರೇ ವಾಪಸ್ ತಗೊಂಡ್ರೂ ನಾನು ಫೇಲೇ. ನನ್ನ ಲ್ಯಾಬಿಗೆ ಇನ್ನೂ 2024 ಬಂದಿಲ್ಲ.

ಸರಿ, ತಿನ್ನೋದೇನು? ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕ ದಿನಕ್ಕೆ 600 ಯೂನಿಟ್ ಡಿ. ಒಂದು ಮೊಟ್ಟೆ ಹಳದೀಲಿ ಸುಮಾರು 40 ಇರತ್ತೆ, ಅಂದ್ರೆ ದಿನಾ 15 ಮೊಟ್ಟೆ. ಆಫೀಸಿಗೆ ಬಂದ ಡಯಟಿಷಿಯನ್ ಮೇಡಂ ಸಾಲ್ಮನ್ ಮೀನು ತಿನ್ನಿ ಅಂದ್ರು. ಬೂತಾಯಿ ಅಂದಿದ್ರೆ ನಮ್ಮ ಮಂಗಳೂರಿನ ಶೆಟ್ರಾದ್ರೂ ಎದ್ದು ಕೂತ್ಕೋತಿದ್ರು. ರಾಗಿಮುದ್ದೆ ತಿಂತೀನಲ್ಲ ಅಂದ್ರೆ, ಅದ್ರಲ್ಲಿ ಕ್ಯಾಲ್ಸಿಯಂ ಇದೆ ಸರ್, ಆದ್ರೆ ಮೈಗೆ ಹತ್ತೋಕೆ ಡಿ ಬೇಕು ಅಂದ್ರು. ಮುದ್ದೇನೂ ಕೈಕೊಡ್ತು.

ಕೊನೆಗೆ ಡಿ ಪುಡಿಯ ಸ್ಯಾಚೆ. 60,000 ಯೂನಿಟ್, ವಾರಕ್ಕೊಂದು, ಹಾಲಲ್ಲಿ ಕಲಸಿ ಕುಡೀರಿ. ನಮ್ಮ ಸಂಬಂಧಿಕರೊಬ್ರು ವಾರಕ್ಕೊಂದು ಅನ್ನೋದನ್ನ ದಿನಕ್ಕೊಂದು ಅಂದ್ಕೊಂಡು ತಿಂಗಳುಗಟ್ಟಲೆ ಕುಡಿದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಮಾಡ್ಕೊಂಡು ಅಡ್ಮಿಟ್ ಆದ್ರು, ಅದಿರ್ಲಿ. ನಂಗೆ ಮಜಾ ಕೊಡೋದು ಎದುರು ಫ್ಲ್ಯಾಟಿನ ಆಂಟಿ. ಕೇಕಲ್ಲಿ ಮೊಟ್ಟೆ ಇದೆಯಾ ಅಂತ ಬೇಕರಿಯವನ ಹತ್ರ ಆಣೆ ಮಾಡಿಸ್ಕೊಳ್ಳೋರು, ಈ ಸ್ಯಾಚೆ ಮಾತ್ರ ಭಾನುವಾರ ಬೆಳಿಗ್ಗೆ ಸ್ನಾನ ಮಾಡ್ಕೊಂಡು ಕುಡೀತಾರೆ. ಸ್ಯಾಚೇಲಿರೋ ಡಿ, ಅಂದ್ರೆ ಡಿ3, ಮಾಡೋದು ಹೆಚ್ಚಾಗಿ ಕುರಿ ಉಣ್ಣೆಯ ಜಿಡ್ಡಿಂದ. ನಾನು ಹೇಳಿಲ್ಲ, ನೀವೂ ಹೇಳ್ಬೇಡಿ.

ನಮ್ಮಜ್ಜಿಗೆ ಇದ್ಯಾವ್ದೂ ಇರಲಿಲ್ಲ. ಬೇಸಿಗೇಲಿ ಮಾಳಿಗೆ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟು, ಕಾಗೆ ಓಡ್ಸೋಕೆ ಕೋಲು ಹಿಡ್ಕೊಂಡು ಮಧ್ಯಾಹ್ನ ಪೂರ್ತಿ ಅಲ್ಲೇ ಕೂತಿರೋರು. ಈಗ ಸಂಡಿಗೆ ಆನ್‌ಲೈನಲ್ಲಿ, ಬಿಸಿಲು ಸ್ಯಾಚೇಲಿ. ಬಾಲ್ಕನೀಲಿ ಕೂರೋಣ ಅಂದ್ರೆ ಪಾರಿವಾಳ ಬರ್ತವೆ ಅಂತ ಅದಕ್ಕೂ ಗಾಜು ಹಾಕ್ಸಿದೀವಿ, ಗಾಜಿನ ಒಳಗಿಂದ ಬೆವರು ಬರತ್ತೆ, ಡಿ ಬರಲ್ಲ, ಅದಕ್ಕೆ ಬೇಕಾದ ಕಿರಣಾನ ಗಾಜು ತಡೆಯತ್ತೆ. ಈಸ್ಟ್ ಫೇಸಿಂಗ್ ಅಂತ ಎಕ್ಸ್‌ಟ್ರಾ ಲಕ್ಷಗಟ್ಟಲೆ ಕೊಟ್ಟಿದ್ದು ಇದಕ್ಕೆ. ಟೆರೇಸಿಗೆ ಹೋದ್ರೆ ಬೀಗ.

ತಮಾಷೆ ಸಾಕು. ಕತ್ಲಲ್ಲೇ ಎದ್ದು ಅಡುಗೆ ಮುಗಿಸಿ ಬಸ್ಸು ಹಿಡಿದು, ಗಾರ್ಮೆಂಟ್ಸ್ ಫ್ಯಾಕ್ಟರಿ ಶೀಟಿನ ಕೆಳಗೆ ದಿನವಿಡೀ ಹೊಲಿದು ಹೊತ್ತು ಮುಳುಗಿದ ಮೇಲೆ ಮನೆಗೆ ಬರೋ ಹೆಂಗಸ್ರು ಈ ಊರಲ್ಲಿ ಎಷ್ಟು ಜನ ಇದಾರೆ. ಸೊಂಟ ನೋವು ಅಂದ್ರೆ ಅವ್ರಿಗೊಂದು ನೋವಿನ ಮಾತ್ರೆ. ಅವ್ರಿಗೆ ಯಾವ ಪ್ಯಾಕೇಜೂ ಇಲ್ಲ, ಆಫರ್ರೂ ಇಲ್ಲ, ಸುದ್ದೀಲೂ ಇಲ್ಲ. ಕೆಂಪು ಬಾಣ ತೋರ್ಸಿ ಹೆದರ್ಸೋದು 22 ಬಂದ, ದುಡ್ಡಿರೋ ನನ್ನಂಥೋರನ್ನ. ಥೂ.

ಟೆರೇಸ್ ಕೀ ಅಸೋಸಿಯೇಷನ್ ಸೆಕ್ರೆಟರಿ ಹತ್ರ ಇದೆಯಂತೆ. ಮನೇಲಿಲ್ಲ, ಸರ್ ವಾಕಿಂಗ್ ಹೋಗಿದಾರೆ ಅಂದ ಸೆಕ್ಯೂರಿಟಿ. ಎಲ್ಲಿಗೆ ಅಂದೆ. ಬೇಸ್‌ಮೆಂಟಿಗೆ, ಟ್ರೆಡ್‌ಮಿಲ್ ಅಲ್ಲೇ ಇರೋದಲ್ವಾ.