ಡಯಲ್‌ಗೆ ಟೇಪ್ ಅಂಟಿಸಿದ ಮಹಾನುಭಾವರೇ

18,000 ರೂಪಾಯಿ. ಫೋಟೋ ಬೂತಿನ ಮೂರು ಗಂಟೆಯ ಬಾಡಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ "ಹೋಗಲಿ ಬಿಡು ಮಾರಾಯ, ಒಂದು ಫೋಟೋ ಅಲ್ವಾ" ಎಂದು ಸಮಾಧಾನ ಮಾಡುವವರು ಬರುತ್ತಾರೆ. ಒಂದು ಫೋಟೋ ಅಲ್ಲ. ಇನ್ನೂರಕ್ಕಿಂತ ಜಾಸ್ತಿ ಫೋಟೋ. ಅದರಲ್ಲಿ ನೋಡುವ ಹಾಗೆ ಇರುವುದು ಕೊನೆಯ ಮೂವತ್ತೋ ನಲವತ್ತೋ. ಅವು ಯಾಕೆ ಚೆಂದ ಬಂದವು ಎನ್ನುವುದೇ ನನ್ನ ಹೊಟ್ಟೆಯುರಿಗೆ ಕಾರಣ.

ಅಕ್ಕನ ಮಗಳ ಮದರಂಗಿ. ಉಡುಪಿ ಹತ್ತಿರದ ಕಟಪಾಡಿಯ ಮನೆಯಂಗಳ, ಮೇ ತಿಂಗಳ ರಾತ್ರಿ, ಮೈಯೆಲ್ಲ ಬೆವರು. ಒಂದು ಮೂಲೆಯಲ್ಲಿ ಡಿಜೆ, ಇನ್ನೊಂದು ಮೂಲೆಯಲ್ಲಿ ಊಟ, ನಡುವೆ ಫೋಟೋ ಬೂತ್. ಬೂತ್ ಅಂದರೆ ಗೊತ್ತಲ್ಲ, ಆಳೆತ್ತರದ ಒಂದು ಪೆಟ್ಟಿಗೆ. ಒಳಗೆ ಕ್ಯಾಮೆರಾ, ಎದುರು ಟಚ್ ಸ್ಕ್ರೀನ್, ಸುತ್ತ ದುಂಡಗಿನ ಎಲ್‌ಇಡಿ ಲೈಟು. ನಾವು ನಿಲ್ಲಬೇಕು, ಸ್ಕ್ರೀನ್ ಮೂರು ಎರಡು ಒಂದು ಎಣಿಸಬೇಕು, ಹದಿನೈದು ಸೆಕೆಂಡಿನಲ್ಲಿ ಪ್ರಿಂಟ್ ಕೈಗೆ ಬರಬೇಕು. ಪ್ರಿಂಟ್ ಬಂತು. ಅದರಲ್ಲಿ ಎಂತ ಬಂತು ಎಂದು ಮಾತ್ರ ಕೇಳಬೇಡಿ.

ಕೇಳದಿದ್ದರೂ ಹೇಳುತ್ತೇನೆ.

ನಮ್ಮ ದೊಡ್ಡಮ್ಮನಿಗೆ 83. ಸೊಂಟ ನೋವು. ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮೊಮ್ಮಗಳ ಮದರಂಗಿ ಎಂದು ಅವತ್ತು ಬಂದರು. ಅರಶಿನ ಬಣ್ಣದ ಸೀರೆ, ಕಲ್ಲಿನ ಮೂಗುತಿ, ಮುಡಿಯಿಂದ ಭುಜಕ್ಕೆ ಇಳಿಬಿಟ್ಟ ಒಂದು ಚೆಂಡು ಶಂಕರಪುರ ಮಲ್ಲಿಗೆ. ಘಟ್ಟದ ಮೇಲಿನವರಿಗೆ ಗೊತ್ತಿರಲಿ, ಒಂದು ಚೆಂಡು ಅಂದರೆ 800 ಮೊಗ್ಗು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆ ನಾರಿನಲ್ಲಿ ಒಂದೊಂದೇ ಮೊಗ್ಗು ಕಟ್ಟಿರುತ್ತಾರೆ. ಮದುವೆ ಸೀಸನ್ನಿನಲ್ಲಿ ಅಟ್ಟೆಗೆ ಎಷ್ಟು ಎಂದು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಅಂಥ ಮಲ್ಲಿಗೆ.

ನಾವು ನಾಲ್ಕು ಜನ ದೊಡ್ಡಮ್ಮನ ಕೈ ಹಿಡಿದು ಬೂತಿನ ಎದುರು ಕುರ್ಚಿಯಲ್ಲಿ ಕೂರಿಸಿದೆವು. ಪ್ರಿಂಟಿನ ಪಟ್ಟಿ ಬಂತು. ನಾಲ್ಕು ಚೌಕ. ಮೊದಲನೆಯದರಲ್ಲಿ ಸೀರೆ ಅರಶಿನ. ಎರಡನೆಯದರಲ್ಲಿ ಅದೇ ಸೀರೆ ಕಿತ್ತಳೆ. ಮೂರನೆಯದರಲ್ಲಿ ದೊಡ್ಡಮ್ಮನ ಮುಖವೇ ಹಸಿರು, ಬಸಳೆ ಸೊಪ್ಪಿನ ಹಸಿರು. ನಾಲ್ಕನೆಯದರಲ್ಲಿ ಅವರು ಸ್ವಲ್ಪ ನಕ್ಕು ತಲೆ ಆಡಿಸಿದ್ದರು, ಅಷ್ಟಕ್ಕೇ ಮುಖ ಅಳಿಸಿಹೋಗಿತ್ತು. ಮಲ್ಲಿಗೆಯಂತೂ ನಾಲ್ಕರಲ್ಲೂ ಇಲ್ಲ. ಭುಜದ ಮೇಲೆ ಒಂದು ಬಿಳಿ ಮುದ್ದೆ ಉಂಟು, ಇಡ್ಲಿ ಹಿಟ್ಟು ಚೆಲ್ಲಿದ ಹಾಗೆ. 800 ಮೊಗ್ಗಿನಲ್ಲಿ ಒಂದೂ ಕಾಣುವುದಿಲ್ಲ. ಮೂಗುತಿಯೂ ಇಲ್ಲ. ಅದನ್ನು ಬ್ಯೂಟಿ ಫಿಲ್ಟರ್ ನುಂಗಿತ್ತು. 83 ವರ್ಷದ ಮುಖದ ಸುಕ್ಕು ಒರೆಸಿ ಕೊಡಿ ಎಂದು ಇವರನ್ನು ಯಾರು ಕೇಳಿದ್ದರು?

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಇದು ಯಾರು ಮಗಾ?"

ನಾನು ಫೋಟೋಗ್ರಾಫರ್ ಅಲ್ಲ. ಆದರೆ ಹತ್ತು ಹನ್ನೆರಡು ವರ್ಷದಿಂದ ಯಕ್ಷಗಾನ ಆಟದ ಫೋಟೋ ತೆಗೆಯುವ ಹುಚ್ಚು ಉಂಟು. ರಾತ್ರಿ ಆಟ, ಕಣ್ಣು ಕುಕ್ಕುವ ಲೈಟು, ಕೆಂಪು ಬಟ್ಟೆ, ಹೊಳೆಯುವ ಕಿರೀಟ, ಮೇಲಿಂದ ದಿಗಿಣ ಹಾರುವ, ಅಂದರೆ ಗಿರಕಿ ಹೊಡೆದು ನೆಗೆಯುವ, ತರುಣ ವೀರನ ಪುಂಡುವೇಷ. ಕ್ಯಾಮೆರಾವನ್ನು ಆಟೋ ಮೋಡಿನಲ್ಲಿಟ್ಟು ತೆಗೆದರೆ ಏನು ಬರುತ್ತದೆ ಎಂದು ನಾನು ನನ್ನ ನಿದ್ದೆ ಕೆಟ್ಟು, ನನ್ನ ಖರ್ಚಿನಲ್ಲಿ ಕಲಿತಿದ್ದೇನೆ. ಇವರು ನಮ್ಮ ಖರ್ಚಿನಲ್ಲೂ ಕಲಿಯುವುದಿಲ್ಲ ಅಂದರೆ ಹೇಗೆ?

ಬೂತಿನ ಪಕ್ಕ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತು ವರ್ಷ ಇರಬಹುದು. ಪಾಪ, ಬೆವರಿ ಒದ್ದೆಯಾಗಿದ್ದ. "ಕ್ಯಾಮೆರಾ ಒಮ್ಮೆ ತೋರಿಸು ಮಾರಾಯ" ಅಂದೆ. ಪೆಟ್ಟಿಗೆಯ ಹಿಂದಿನ ಬಾಗಿಲು ತೆರೆದ. ಅಲ್ಲಿ ನೋಡಿದೆ. ಕ್ಯಾಮೆರಾದ ಮೇಲಿನ ಡಯಲ್‌ಗೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್. ಎರಡು ಸುತ್ತು. ಫ್ಲಾಷ್ ಬೇಡ ಎನ್ನುವ ಆಟೋಗೆ ತಿರುಗಿಸಿ, ಅಲ್ಲಿಂದ ಯಾರೂ ಅಲ್ಲಾಡಿಸಬಾರದು ಎಂದು ಗಟ್ಟಿಯಾಗಿ ಅಂಟಿಸಿದ್ದಾರೆ.

"ಮುಟ್ಟಬಾರದಂತೆ ಅಣ್ಣ. ಓನರ್ ಹೇಳಿದ್ದಾರೆ."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಕಲಿಸಿಲ್ಲ. ಗುಂಡಿ ಒತ್ತು, ಪೇಪರ್ ಹಾಕು, ಇಷ್ಟೇ ಪಾಠ. ಒಂದು ತಪ್ಪು ಮಾತ್ರ ಅವನದು. ಸಂಜೆ ಎಸಿ ಕಾರಿನಿಂದ ಇಳಿಸಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆದ. ನಮ್ಮ ಕರಾವಳಿಯ ಸೆಖೆಗೆ ತಣ್ಣಗಿನ ಲೆನ್ಸ್ ಬಂದರೆ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಮಂಜು ಕೂರುತ್ತದೆ. ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟಿದ್ದರೆ ಆಗುತ್ತಿತ್ತು. ಇವನು ಅಂಗಿಯ ತುದಿಯಿಂದ ಒರೆಸಿದ. ಅದಕ್ಕೇ ಮೊದಲು ಬಂದ ಮೂವತ್ತು ಜನ ಆಗುಂಬೆಯ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಾರೆ.

ಸಿಟ್ಟು ಇರುವುದು ಆ ಟೇಪಿನ ಮೇಲೆ. ಆಟೋ ಅಂದರೆ ಕ್ಯಾಮೆರಾ ಪ್ರತಿ ಫೋಟೋಕ್ಕೂ ಹೊಸದಾಗಿ ಯೋಚನೆ ಮಾಡುತ್ತದೆ. ಡಿಜೆಯವ ನೇರಳೆ ಲೈಟು ಬಿಟ್ಟ, ಅದನ್ನು ಸರಿ ಮಾಡುತ್ತೇನೆಂದು ಕ್ಯಾಮೆರಾ ಹಸಿರು ಸುರಿಯಿತು. ಅದೇ ದೊಡ್ಡಮ್ಮನ ಬಸಳೆ ಮುಖ. ಹಿಂದೆ ಕಪ್ಪು ಪರದೆ, ಸುತ್ತ ರಾತ್ರಿ. ಅಯ್ಯೋ ಎಷ್ಟು ಕತ್ತಲೆ ಎಂದು ಎಲ್ಲವನ್ನೂ ಬೆಳಗಿಸಲು ಹೋಯಿತು, ಮಲ್ಲಿಗೆ ಸುಟ್ಟುಹೋಯಿತು. ಯಾರದೋ ಕಣ್ಣಿಗೆ ಚುಚ್ಚುತ್ತದೆ ಎಂದು ದುಂಡು ಲೈಟನ್ನು ಅರ್ಧಕ್ಕೆ ಇಳಿಸಿದ್ದರು. ಬೆಳಕು ಸಾಕಾಗದೆ ಶಟರ್, ಅಂದರೆ ಕ್ಯಾಮೆರಾ ಕಣ್ಣು ತೆರೆದು ಮುಚ್ಚುವ ವೇಗ, 1/15 ಸೆಕೆಂಡಿಗೆ ಇಳಿದಿತ್ತು. ದೊಡ್ಡಮ್ಮನ ಫೈಲ್ ತೆರೆದು ನಾನೇ ನೋಡಿದೆ. 1/15 ಸೆಕೆಂಡಿನಲ್ಲಿ ನಗುವವರ ಮುಖ ನಿಲ್ಲುವುದಿಲ್ಲ. ಶವಾಸನದಲ್ಲಿ ಮಲಗಿದವರದು ನಿಲ್ಲಬಹುದು.

ಫೋಕಸ್ಸಿನ ಕಥೆ ಬೇರೆ. ಕತ್ತಲಲ್ಲಿ ಲೆನ್ಸ್ ಹಿಂದೆ ಮುಂದೆ ಹುಡುಕಾಡಿ, ಕೊನೆಗೆ ಪರದೆಗೆ ಚುಚ್ಚಿದ ಪ್ಲಾಸ್ಟಿಕ್ ಗುಲಾಬಿಯ ಮೇಲೆ ಹೋಗಿ ಕೂತಿತ್ತು. ಗುಲಾಬಿಯ ಎಸಳು ಎಷ್ಟು ಸ್ಪಷ್ಟ ಅಂತೀರಿ! ಎದುರಿಗಿದ್ದ ಮದುಮಗಳು ಮಬ್ಬು.

ಓನರ್‌ಗೆ ಫೋನ್ ಮಾಡಿದೆ. ಡಿಜೆ ಗಲಾಟೆಯಲ್ಲಿ ಕೊಟ್ಟಿಗೆ ಹಿಂದೆ ಹೋಗಿ ನಿಂತು ಮಾತಾಡಿದೆ.

"ಸರ್, ನಮ್ಮದು 24 ಮೆಗಾಪಿಕ್ಸೆಲ್ ಸರ್."

ಇದಕ್ಕೆ ಎಂತ ಹೇಳುವುದು? ನೀವು ಕೊಡುವುದು ನಾಲ್ಕಿಂಚು ಆರಿಂಚಿನ ಪ್ರಿಂಟು. ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಾಕಿ: 1200 ಗುಣಿಸು 1800. ಎರಡು ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದ 22 ಯಾಕೆ ಬೇಕು, ಉಪ್ಪಿನಕಾಯಿ ಹಾಕಲಿಕ್ಕಾ? ಅಷ್ಟು ದೊಡ್ಡ ಫೈಲು ಕಂಪ್ಯೂಟರಿಗೆ ಹೋಗುವವರೆಗೆ ಹಿಂದೆ ಸಾಲು ಬೆಳೆಯುತ್ತದೆ.

"ಮ್ಯಾನುಯಲ್‌ಗೆ ಹಾಕಿದ್ರೆ ಸಾಫ್ಟ್‌ವೇರ್ ಹ್ಯಾಂಗ್ ಆಗ್ತದೆ ಸರ್."

ಸುಳ್ಳು. ಅಪ್ಪಟ ಸುಳ್ಳು. ಬೂತ್ ಸಾಫ್ಟ್‌ವೇರಿನವರೇ ಮ್ಯಾನುಯಲ್‌ನಲ್ಲಿ, ಅಂದರೆ ಎಲ್ಲವನ್ನೂ ನಾವೇ ಕೈಯಾರೆ ಕೂರಿಸುವ ಮೋಡಿನಲ್ಲಿ, ಇಡಿ ಅನ್ನುತ್ತಾರೆ.

"ಏನೂ ತೊಂದರೆ ಇಲ್ಲ ಸರ್, ಎಡಿಟ್ ಮಾಡಿ ಕಳಿಸ್ತೇವೆ."

ಎಡಿಟ್! ಸುಟ್ಟ ಮಲ್ಲಿಗೆಯನ್ನು ಎಡಿಟ್ ಮಾಡಿ ಎಲ್ಲಿಂದ ತರುತ್ತೀರಿ? ಬಿಳಿ ಅಂದರೆ ಬಿಳಿ. ಅಲ್ಲಿ ಮೊಗ್ಗಿನ ಗುರುತೇ ದಾಖಲಾಗಿಲ್ಲ. ಅಳಿಸಿಹೋದ ಮುಖವನ್ನು ಯಾರ ಮುಖ ನೋಡಿ ಬರೆಯುತ್ತೀರಿ?

ನಾನು ಫೋನ್ ಇಟ್ಟು ಬಂದು ಟೇಪ್ ಕಿತ್ತೆ. ಹುಡುಗ ಬೇಡ ಅಣ್ಣ ಬೇಡ ಅಣ್ಣ ಅಂದ. ಅಕ್ಕ ದೂರದಿಂದಲೇ "ನೀನು ಸುಮ್ನಿರು ಮಾರಾಯ, ನೆಂಟರೆಲ್ಲ ನೋಡ್ತಿದ್ದಾರೆ" ಅಂದಳು. ನೋಡಲಿ.

ಡಯಲನ್ನು ಎಂಗೆ (M, ಮ್ಯಾನುಯಲ್) ತಿರುಗಿಸಿದೆ. ಫ್ಲಾಷ್ ಇದ್ದಿದ್ದರೆ ಅದಕ್ಕೊಂದು ಬಿಳಿ ಕೊಡೆ ಹಾಕಿ ಶಟರ್ 1/125, ಅಪರ್ಚರ್ (ಲೆನ್ಸಿನ ಕಿಂಡಿ) 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಚುರುಕು) 400 ಎಂದು ಆರಾಮಾಗಿ ಕೂರಿಸಬಹುದಿತ್ತು. ಡಿಜೆ ಲೈಟಿನ ಆಟವೂ ಮುಖದ ಮೇಲೆ ನಡೆಯುತ್ತಿರಲಿಲ್ಲ. 18,000ದಲ್ಲಿ ಫ್ಲಾಷ್ ಇಲ್ಲ. ಸರಿ. ದುಂಡು ಲೈಟನ್ನು ಪೂರ್ತಿ ಏರಿಸಿ, ಕಣ್ಣಿಗೆ ಚುಚ್ಚಬಾರದೆಂದು ಅಕ್ಕನ ಮನೆಯ ತೆಳು ಬಿಳಿ ಬೈರಾಸು (ಟವೆಲ್) ಒಂದನ್ನು ಅದರ ಎದುರು ಕಟ್ಟಿದೆ. ಶಟರ್ 1/100. ನಮ್ಮ ಮೆಸ್ಕಾಂ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ, 1/100 ಇಟ್ಟರೆ ಫೋಟೋದಲ್ಲಿ ಪಟ್ಟೆ ಬೀಳುವುದಿಲ್ಲ. ಅಪರ್ಚರ್ 4, ಐಎಸ್‌ಒ 1600. ಒಂದು ಫೋಟೋ ತೆಗೆದು ಭಾವನ ಮಗಳ ಮುಡಿಯಲ್ಲಿ ಮೊಗ್ಗು ಬಿಡಿಬಿಡಿಯಾಗಿ ಕಾಣುತ್ತದಾ ಎಂದು ದೊಡ್ಡದು ಮಾಡಿ ನೋಡಿದೆ. ಕಾಣಲಿಲ್ಲ. ಐಎಸ್‌ಒ 1000ಕ್ಕೆ ಇಳಿಸಿದೆ. ಕಂಡಿತು. ಬಣ್ಣದ ಹದ ನೋಡುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ಬಿಡಿಸಿ 5,000 ಕೆಲ್ವಿನ್ ಹತ್ತಿರ ಕಟ್ಟಿ ಹಾಕಿದೆ. ಬಿಳಿ ಮುಂಡು ಹಿಡಿದು ಅಳೆಯಲು ಹೋಗಬೇಡಿ, ಅದಕ್ಕೆ ನೀಲಿ ಹಾಕಿರುತ್ತಾರೆ, ಬಣ್ಣ ತಪ್ಪುತ್ತದೆ.

ಲೆನ್ಸ್ 18 ಮಿಲಿಮೀಟರಿನಲ್ಲಿತ್ತು, ಅಂದರೆ ತೀರಾ ಅಗಲದ ನೋಟ. ಹಾಗಾಗಿ ಗುಂಪಿನ ಎರಡೂ ತುದಿಯಲ್ಲಿ ನಿಂತವರ ತಲೆ ಕುಂಬಳಕಾಯಿಯ ಹಾಗೆ ಎಳೆದುಕೊಂಡಿತ್ತು. ಪೆಟ್ಟಿಗೆಯನ್ನು ನಾಲ್ಕು ಹೆಜ್ಜೆ ಹಿಂದೆ ತಳ್ಳಿ 28ಕ್ಕೆ ತಂದೆ. ಡಯಲ್‌ನಿಂದ ಕಿತ್ತ ಅದೇ ಕಂದು ಟೇಪನ್ನು ನೆಲಕ್ಕೆ ಅಂಟಿಸಿದೆ. "ಎಲ್ಲರೂ ಇದರ ಮೇಲೇ ನಿಲ್ಲಿ" ಎಂದೆ. ಅಲ್ಲಿಗೆ ಫೋಕಸ್ ಮಾಡಿ, ಆಟೋಫೋಕಸ್ ಆಫ್ ಮಾಡಿದೆ. ಬ್ಯೂಟಿ ಫಿಲ್ಟರ್ ಕೂಡ ಆಫ್. ಟೇಪಿಗೆ ಸರಿಯಾದ ಜಾಗ ಅದೇ, ನೆಲ.

ಎಲ್ಲ ಸೇರಿ ಹತ್ತು ನಿಮಿಷ. ಹುಡುಗ ಅಷ್ಟನ್ನೂ ಮೊಬೈಲಿನಲ್ಲಿ ಬರೆದುಕೊಂಡ. "ಇಷ್ಟೆಯಾ ಅಣ್ಣ?" ಅಂದ. ಇಷ್ಟೇ ಮಾರಾಯ.

ಪಕ್ಕದಲ್ಲಿ 360 ಬೂತ್ ಅಂತ ಇನ್ನೊಂದು ಇತ್ತು, ಅದಕ್ಕೆ ಬೇರೆ ದುಡ್ಡು. ಕಟ್ಟೆಯ ಮೇಲೆ ನಿಂತರೆ ಕೋಲಿನ ತುದಿಯ ಸಣ್ಣ ಕ್ಯಾಮೆರಾ ಸುತ್ತ ತಿರುಗುತ್ತದೆ, ಸ್ಲೋ ಮೋಷನ್. ಅದನ್ನು ಸೆಕೆಂಡಿಗೆ 120 ಫ್ರೇಮಿಗೆ ಇಟ್ಟಿದ್ದರು. 100 ಸಲ ಮಿಣುಕುವ ಲೈಟಿಗೂ 120 ಫ್ರೇಮಿಗೂ ತಾಳ ಕೂಡುವುದಿಲ್ಲ. ಆದ್ದರಿಂದ ವಿಡಿಯೋ ಉದ್ದಕ್ಕೂ ಬೆಳಕು ಪಕಪಕ. ಪಾಲ್ (PAL, 50 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೋ ಸೆಟ್ಟಿಂಗ್) ಎಂದು ಬದಲಿಸಿ 100 ಫ್ರೇಮು, ಶಟರ್ 1/100 ಮಾಡಿದರೆ ಮುಗಿಯಿತು. ಅದನ್ನು ಮಾಡಲು ನನಗೆ ಬಿಡಲಿಲ್ಲ. ಅಲ್ಲಿ ನಿಂತಿದ್ದವನು ಹುಡುಗನಷ್ಟು ಪಾಪ ಇರಲಿಲ್ಲ.

ಬೂತಿನಲ್ಲಿ ಮಾತ್ರ ಆಮೇಲೆ ಬಂದ ಫೋಟೋಗಳು! ಸೀರೆ ಸೀರೆಯ ಬಣ್ಣ. ಮುಖ ಮುಖದ ಬಣ್ಣ. ಭಾವನ ಬೋಳು ತಲೆಯ ಮೇಲಿನ ಬೆವರ ಹನಿಯೂ ಲೆಕ್ಕ ಮಾಡುವ ಹಾಗಿತ್ತು. ನಾನು ಓಡಿ ಒಳಗೆ ಹೋದೆ, ದೊಡ್ಡಮ್ಮನನ್ನು ಇನ್ನೊಮ್ಮೆ ಕರೆದುಕೊಂಡು ಬರುವ ಎಂದು. ಒಳಕೋಣೆಯಲ್ಲಿ ಗೋಡೆಗೆ ತಿರುಗಿ ಮಲಗಿದ್ದರು. ಮುಡಿಯ ಮಲ್ಲಿಗೆಯನ್ನು ತೆಗೆದು ದೇವರ ಫೋಟೋಕ್ಕೆ ಹಾಕಿಯಾಗಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆ ಓನರ್ ವಾಟ್ಸಾಪ್ ಸ್ಟೇಟಸ್ ಹಾಕಿದ್ದಾನೆ. "ನಮ್ಮ ಕ್ವಾಲಿಟಿ ನೋಡಿ, ಬುಕಿಂಗ್‌ಗೆ ಕರೆ ಮಾಡಿ." ಆರು ಫೋಟೋ. ಆರೂ ಟೇಪ್ ಕಿತ್ತ ಮೇಲಿನವು. ಒಂದರ ಅಂಚಿನಲ್ಲಿ ಅಕ್ಕನ ಮನೆಯ ಬೈರಾಸಿನ ತುದಿಯೂ ಕಾಣುತ್ತದೆ.

ಭಾವನಿಗೆ ತೋರಿಸಿದೆ. ಅವರು ನೋಡಿ ಖುಷಿಪಟ್ಟರು. ಡಿಸೆಂಬರಿನಲ್ಲಿ ಅವರ ತಮ್ಮನ ಮಗನ ಮದುವೆ ಮಂಗಳೂರಿನಲ್ಲಿ. ಅದಕ್ಕೂ ಇವರಿಗೇ ಹೇಳಿ ಐದು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆಯಂತೆ. "ಚೆಂದ ತೆಗೀತಾರೆ ಮಾರಾಯ" ಅಂದರು.